ದ್ವಾರಪಾಲಕಿಯ ವಿಚಾರಣೆ

"ಇನ್ಮೇಲೆ ನಿಮ್ಮ ಕಂಪ್ಯೂಟರಿಗೆ ಕಳ್ಳ ಇರಲಿ, ಕಳ್ಳನ ನೆರಳೂ ನುಗ್ಗಲ್ಲ!" ಎನ್ನುತ್ತಾ ಸೋಮಾರಾಧ್ಯರು ಹಳೇ ಮಿಕ್ಸಿಯಂಥದ್ದೊಂದನ್ನು ನನ್ನ ಮೇಜಿನ ಮೇಲಿಟ್ಟು ವೈರು ಸಿಕ್ಕಿಸಿದರು.

ಆರಾಧ್ಯರು ನಮ್ಮ ಪಕ್ಕದ ಮನೆಯವರು, ನಿವೃತ್ತ ವಿಜ್ಞಾನದ ಮೇಷ್ಟ್ರು. ಇಡೀ ತುಮಕೂರಿನಲ್ಲಿ ಅಂಥ ತಲೆ ಇನ್ನೊಂದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅವರ ಹೆಂಡತಿ ಪಂಕಜಮ್ಮನವರಂತೂ ಯಾವ ಊರು, ಯಾರ ಮನೆ, ಕಳಿಸಿದ್ದು ಯಾರು ಎಂದು ವಿಚಾರಿಸದೆ ಪೋಸ್ಟ್‌ಮ್ಯಾನನ್ನೂ ಜಗಲಿ ಹತ್ತಿಸುವುದಿಲ್ಲ. ಆ ವಿಚಾರಣೆಯನ್ನೇ, ಅವರದೇ ದನಿಯಲ್ಲಿ, ಯಂತ್ರಕ್ಕೆ ತುಂಬಿದ್ದರು. ಹೆಸರು ದ್ವಾರಪಾಲಕಿ. ಎಂಥ ಯೋಚನೆ ನೋಡಿ!

ನನಗಂತೂ ಆವತ್ತು ಜೀವ ಕೈಯಲ್ಲಿತ್ತು. ಹೆಂಡತಿ ತ್ರಿವೇಣಿ ಬೀದರಿನಲ್ಲಿ ನರ್ಸ್, ನಾನಿಲ್ಲಿ ಒಂದು ನಿಗಮದಲ್ಲಿ ಗುಮಾಸ್ತ. ಮದುವೆಯಾಗಿ ಎರಡು ವರ್ಷ, ಒಟ್ಟಿಗಿದ್ದದ್ದು ಹತ್ತೊಂಬತ್ತು ದಿನ. ಬೀದರಿಗೆ ವರ್ಗಾವಣೆ ಕೇಳುವ ಅರ್ಜಿಯನ್ನು ಕಂಪ್ಯೂಟರಿನಲ್ಲೇ ಕಳಿಸಬೇಕು, ಅದಕ್ಕೆ ಅಂದೇ ಸಂಜೆ ಐದು ಗಂಟೆ ಕೊನೆ.

ಮೊದಲಿಗೆ ಎಲ್ಲ ಚೆನ್ನಾಗೇ ನಡೆಯಿತು. 'ವರ್ಗಾವಣೆ ಪಟ್ಟಿ' ಎಂಬ ಕಡತವೊಂದು ಮೇಲ್‌ನಲ್ಲಿ ಬಂದಿತ್ತು. ನಾನು ಆಸೆಯಿಂದ ತೆರೆಯಹೋದೆ.

"ಯಾರಪ್ಪ ನೀನು? ಕಳಿಸಿದ್ಯಾರು? ಜೇಬಲ್ಲಿ ಅದೇನು?" ಗದರಿತು ದ್ವಾರಪಾಲಕಿ. ಜೇಬಿನಲ್ಲಿದ್ದದ್ದು ವೈರಸ್! ಅಲ್ಲೇ ಕಿತ್ತು ಬಿಸಾಕಿತು. ನನಗೆ ಆರಾಧ್ಯರ ಕಾಲಿಗೆ ಬೀಳೋಣ ಅನ್ನಿಸಿತು.

ಆಮೇಲೆ ಅದು ನನ್ನ ಕಡೆ ತಿರುಗಿತು.

"ಬ್ರೌಸರ್ ಅಪ್‌ಡೇಟ್ ಮಾಡು ಅಂದ್ರೆ ಮೂರು ವರ್ಷದಿಂದ 'ಆಮೇಲೆ' ಅಂತ ಒತ್ತಿದ್ದೀಯಲ್ಲ, ಯಾವಾಗಪ್ಪ ಆಮೇಲೆ?"

ನಾಲ್ಕೂವರೆಗೆ ಬ್ರೌಸರ್ ಹೊಸದಾಯಿತು. ನಾಲ್ಕು ಐವತ್ತಕ್ಕೆ ಪತ್ರ ಬರೆಯುವ ತಂತ್ರಾಂಶವೂ ಹೊಸದಾಯಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ, ಅದು ಮುಗಿಯದೆ ಅರ್ಜಿ ಕಳಿಸಲೂ ಬಿಡಲಿಲ್ಲ.

"ಸಾರ್, ಇದನ್ನ ಸುಮ್ಮನಿರಿಸೋದು ಹೇಗೆ?"

"ಅದನ್ನ ಕಲಿಸಿಲ್ಲ ಕಣಯ್ಯಾ," ಆರಾಧ್ಯರು ತಲೆ ಕೆರೆದುಕೊಂಡರು. "ನಲವತ್ತು ವರ್ಷದಲ್ಲಿ ನಿಲ್ಲಿಸಿದ್ದು ನಾನು ನೋಡಿದ್ದರೆ ತಾನೇ!"

ತಮ್ಮದೇ ದನಿ ಕೇಳಿ ಪಂಕಜಮ್ಮನವರು ಓಡಿ ಬಂದರು. ವಿಷಯ ತಿಳಿದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಏನೇ, ಪಾಪ ಆ ಹುಡುಗನ್ನೇ ಎಷ್ಟು ಕೇಳ್ತೀಯೇ? ಆ ಕಡೆಯವರನ್ನೂ ವಿಚಾರಿಸಬೇಕು ತಾನೇ?"

ದ್ವಾರಪಾಲಕಿ ಒಂದು ಕ್ಷಣ ಗರಗರ ಎಂದು ನೇರ ನಿಗಮದ ಕಂಪ್ಯೂಟರಿಗೇ ನುಗ್ಗಿತು. "ಏಳು ವರ್ಷದಿಂದ ಒಂದು ಅಪ್‌ಡೇಟೂ ಇಲ್ವಾ? ಊರವರ ಅರ್ಜಿಯೆಲ್ಲ ಹಿಂಗೆ ಬಾಗಿಲು ತೆಗೆದು ಇಟ್ಕೊಂಡಿದ್ದೀಯಾ? ನಾಚಿಕೆ ಆಗಲ್ವಾ?"

ಆ ದನಿಗೆ ಹೆದರದವರುಂಟೇ! ನಿಗಮದ ಗಡಿಯಾರ ನಾಲ್ಕು ಐವತ್ತೆಂಟಕ್ಕೆ ನಿಂತುಬಿಟ್ಟಿತು. ಎರಡು ಗಂಟೆ ಅಪ್‌ಡೇಟ್ ನಡೆದು, ಮತ್ತೆ ಕಣ್ಣು ಬಿಟ್ಟಾಗಲೂ ಅಲ್ಲಿ ನಾಲ್ಕು ಐವತ್ತೆಂಟೇ! ಅರ್ಜಿ ಹೋಯಿತು. ನಾನು ಅತ್ತೇಬಿಟ್ಟೆ.

ನಾನೀಗ ಬೀದರಿನಲ್ಲಿ ತ್ರಿವೇಣಿಯ ಜೊತೆಗಿದ್ದೇನೆ. ದ್ವಾರಪಾಲಕಿ ಮಾತ್ರ ನಿಗಮದ ಕಂಪ್ಯೂಟರಿನಿಂದ ಹೊರಗೆ ಬಂದೇ ಇಲ್ಲ. ಅಲ್ಲಿ ಕಡತಗಳು ಬಂದ ದಿನವೇ ಮುಂದಕ್ಕೆ ಹೋಗುತ್ತಿವೆಯಂತೆ. ಕಂಪ್ಯೂಟರಿಗೆ ವೈರಸ್ ಹೊಕ್ಕಿದೆಯೆಂದು ಸಿಬ್ಬಂದಿಯವರೆಲ್ಲ ಸೇರಿ ದೂರು ಕೊಟ್ಟಿದ್ದಾರೆ.