ಗಾಳ ಮಾರೋರು ಮೀನು ಮುಟ್ಟಬಾರದು

ಗೊಂದಲ ಅನ್ನೋದು ಬೇರೆಯವರ ಅಂಗಡಿ ಮುಂದೆ ಹಾದು ಹೋಗುತ್ತೆ. ನನ್ನ ಅಂಗಡಿಗೆ ಬಂದರೆ ಬೆಂಚಿನ ಮೇಲೆ ಕೂತು, ಟೀ ಕುಡಿದೇ ಹೋಗೋದು. ನನ್ನದು ಕಡೂರಿನಲ್ಲಿ ಗಾಳದ ಅಂಗಡಿ. ಅಪ್ಪನ ಕಾಲದಲ್ಲಿ ಅದು ಸೈಕಲ್ ರಿಪೇರಿ ಅಂಗಡಿ. ಸೈಕಲ್ ತುಳಿಯೋರು ಕಮ್ಮಿ ಆದರು ಅಂತ ನಾನು ಟ್ಯೂಬು, ಟೈರು ಇಳಿಸಿ ಅದೇ ಮೊಳೆಗಳಿಗೆ ಗಾಳ, ಟಂಗೂಸ್ ದಾರ, ಬೆಂಡು, ಸೀಸದ ಗುಂಡು ನೇತುಹಾಕಿದೆ. ಹನ್ನೆರಡು ವರ್ಷ ಆಯ್ತು. ತರೀಕೆರೆ, ಅಜ್ಜಂಪುರದಿಂದಲೂ ಜನ ಬರ್ತಾರೆ. ಹತ್ತು ರೂಪಾಯಿ ಗಾಳ ತಗೊಂಡು ಒಂದು ಗಂಟೆ ಸಲಹೆ ಕೇಳ್ತಾರೆ.

ಈಗ ಒಂದು ಗುಟ್ಟು ಹೇಳಿಬಿಡ್ತೀನಿ. ನಾನು ಹುಟ್ಟಿದಾಗಿಂದ ಒಂದೇ ಒಂದು ಮೀನೂ ಹಿಡಿದೋನಲ್ಲ. ಹಿಡಿಯೋದಿರಲಿ, ಜೀವ ಇರೋ ಮೀನು ಮುಟ್ಟಕ್ಕೇ ನಂಗೆ ಭಯ. ಜಾರುತ್ತೆ, ಒದ್ದಾಡುತ್ತೆ, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತೆ. ಇದು ಗೊತ್ತಿರೋದು ನನ್ನ ಹೆಂಡತಿ ಒಬ್ಬಳಿಗೇ. ಗಿರಾಕಿಗಳಿಗೆ ಗೊತ್ತಾದರೆ ಮಾರನೇ ದಿನದಿಂದ ನಾನು ಮತ್ತೆ ಪಂಚರ್ ಹಾಕಬೇಕು. ಅದಕ್ಕೇ ಇಷ್ಟೆಲ್ಲ ಪಾಡು.

ಉಂಡೆಯ ಉಪದೇಶ

ಸಖರಾಯಪಟ್ಟಣದ ರಿಟೈರ್ಡ್ ಮೇಷ್ಟ್ರೊಬ್ಬರು ಬಂದರು. "ಸಾಬ್ರೇ, ಗೌರಿ ಮೀನು ಗಾಳದ ಹತ್ರ ಬಂದು ಮೂಸಿ ನೋಡ್ಬಿಟ್ಟು ಹೋಗ್ತಿದೆ. ಏನು ಎರೆ ಹಾಕ್ಲಿ?" ಅಂದರು.

ನಂಗೇನು ಗೊತ್ತು? ಅವತ್ತು ಬೆಳಿಗ್ಗೆ ತಾನೇ ಅಜ್ಜಂಪುರದ ಗೌಡ್ರು, ಈರುಳ್ಳಿ ಬೆಳೆಯೋರು, ನನ್ನ ಬೆಂಚಿನ ಮೇಲೆ ಕೂತು ಹೇಳಿದ್ದು ಕಿವಿಯಲ್ಲಿತ್ತು. ಕನ್ನಡಕ ಸರಿಮಾಡಿಕೊಂಡು ಅದನ್ನೇ ಒಪ್ಪಿಸಿದೆ. "ರಾಗಿಹಿಟ್ಟು, ಕಡ್ಲೆಕಾಯಿ ಹಿಂಡಿ, ಚೂರು ಬೆಲ್ಲ. ಬಿಸಿನೀರಲ್ಲಿ ಕಲಸಿ ಗೋಲಿ ಗಾತ್ರದ ಉಂಡೆ ಮಾಡಿ ಸಿಕ್ಕಿಸಿ ಮೇಷ್ಟ್ರೇ."

ಎಂಟು ದಿನಕ್ಕೆ ಮೇಷ್ಟ್ರು ಮೈಸೂರ್‌ಪಾಕ್ ತಂದು ಕೈಗಿಟ್ಟರು. ಎರಡು ಗೌರಿ ಸಿಕ್ಕಿದ್ವಂತೆ. "ನೀವು ಗುರುಗಳು" ಅಂದರು. ನಂಗೆ ಗೌಡ್ರ ಮೇಲೆ ಬಹಳ ಪ್ರೀತಿ ಬಂತು.

ಆಮೇಲಿನ ವಾರ ಗೌಡ್ರೇ ಬಂದರು, ಮುಖ ಸಪ್ಪಗೆ. "ಸಾಬ್ರೇ, ನಂಗೆ ಒಂದೂ ಕಚ್ತಿಲ್ಲ ಕಣ್ರೀ. ಬೇರೆ ಏನಾದ್ರೂ ಎರೆ ಹೇಳಿ."

"ನಿಮ್ಮದೇ ಇದೆಯಲ್ಲ ಗೌಡ್ರೇ? ರಾಗಿಹಿಟ್ಟು, ಹಿಂಡಿ, ಬೆಲ್ಲ."

"ನಂದೆಲ್ಲಿ ಬಂತು? ಹೋದ ವರ್ಷ ನೀವೇ ಹೇಳ್ಕೊಟ್ಟಿದ್ದು."

"ಹಂಗಾದ್ರೆ ನಂಗೆ ಹೇಳಿದ್ದು ಯಾರು ಗೌಡ್ರೇ?" ಅಂದೆ.

"ಗುರುಗಳಿಗೆ ಯಾರು ಹೇಳ್ತಾರೆ ಸಾಬ್ರೇ, ನೀವೊಳ್ಳೆ" ಅಂದು ಗೌಡ್ರು ಎದ್ದು ಹೋದರು.

ಎಲ್ಲಿಗೆ ಅಂತ ಕೇಳಿದ್ದಕ್ಕೆ

ನಮ್ಮ ಕಡೆ ಹೊರಟೋರನ್ನ "ಎಲ್ಲಿಗೆ?" ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಆಗಲ್ಲ. ಮದುವೆ ಮಾತಿಗೆ ಹೊರಟೋರೂ ಇಷ್ಟು ಕಟ್ಟುನಿಟ್ಟಾಗಿ ನಡೆಯಲ್ಲ, ಗಾಳದೋರು ನಡೀತಾರೆ. ಯಾರಾದರೂ ಕೇಳಿಬಿಟ್ಟರೆ ವಾಪಸ್ ಮನೆಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು.

ಆದರೆ ನನ್ನ ವ್ಯಾಪಾರ ನೋಡಿ. ಯಾವ ಕೆರೆ ಅಂತ ಗೊತ್ತಿಲ್ಲದೆ ಎಷ್ಟು ದಪ್ಪದ ದಾರ ಕೊಡಲಿ? ತರೀಕೆರೆಯಲ್ಲಿ ಬಟ್ಟೆ ಹೊಲಿಯೋ ಟೈಲರ್ ಒಬ್ಬರು ಬೆಳಿಗ್ಗೆ ಬೆಳಿಗ್ಗೆ ಬಂದು ದಾರ ಕೇಳಿದರು. ನಾನು ಅಭ್ಯಾಸಬಲದಿಂದ, "ಯಾವ ಕೆರೆಗೆ?" ಅಂದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡು, ಕೋಲು ಎತ್ತಿಕೊಂಡು, ಬಸ್ ಹತ್ತಿ ತರೀಕೆರೆಗೇ ವಾಪಸ್ ಹೋದರು. ನೀರು ಕುಡಿದು ಮಧ್ಯಾಹ್ನ ಮತ್ತೆ ಬಂದರು. ನನಗೋ ಬೆಳಗಿನದು ಮರೆತೇ ಹೋಗಿತ್ತು. "ಬನ್ನಿ ಬನ್ನಿ, ಎಲ್ಲಿಗೆ ಹೊರಟ್ರಿ?" ಅಂದೆ.

ಅವರು ಏನೂ ಬೈಯಲಿಲ್ಲ. ಬೆಂಚಿನ ಮೇಲೆ ಕೂತು, ಚೀಲದಿಂದ ಬಾಟಲಿ ತೆಗೆದು ನೀರು ಕುಡಿದರು. ಇನ್ನೊಂದು ಸಲ ಬಸ್ ಚಾರ್ಜ್ ಕೊಡಕ್ಕಾಗಲ್ಲ, ಇದನ್ನೇ ಮನೆ ಅಂದ್ಕೋತೀನಿ ಅಂದರು. ನಾನು ಬಹಳ ಯೋಚನೆ ಮಾಡಿ, "ಹೋಗ್ಲಿ ಬಿಡಿ. ಸಂಜೆ ಎಲ್ಲಿಂದ ಬರ್ತೀರಿ, ಅದನ್ನಾದ್ರೂ ಹೇಳಿ" ಅಂದೆ.

ಅವರ ಮುಖ ಅರಳಿತು. "ಸಂಜೆ ಅಯ್ಯನಕೆರೆಯಿಂದ ಬತ್ತೀನಿ ಕಣ್ರೀ" ಅಂದರು. ಅವತ್ತಿಂದ ನನ್ನ ಅಂಗಡಿಯಲ್ಲಿ ಯಾರೂ ಎಲ್ಲಿಗೂ ಹೋಗಲ್ಲ. ಎಲ್ಲರೂ ಬರೋದೇ.

ನಡೆದಾಡುವ ಗೋಣಿಚೀಲ

ಒಂದಿನ ಈರುಳ್ಳಿ ಗೌಡ್ರು ಒದ್ದೆ ಗೋಣಿಚೀಲವೊಂದನ್ನ ತಂದು ನನ್ನ ಕಾಲ ಹತ್ತಿರ ಇಟ್ಟರು. "ತಾಲ್ಲೂಕು ಆಫೀಸಲ್ಲಿ ಪಹಣಿ ಕೆಲಸ ಐತೆ. ಒಳಗೆ ಕೊರಮೀನು ಐತೆ, ನೆಂಟ್ರಿಗೆ ಕೊಡ್ಬೇಕು. ಆಗಾಗ ನೀರು ಚಿಮುಕಿಸ್ತಿರಿ, ಅರ್ಧ ದಿನ ಬದುಕಿರುತ್ತೆ" ಅಂತ ಹೇಳಿ ಹೊರಟೇ ಹೋದರು.

ಹಾವಿನ ತಲೆ ಥರ ತಲೆ ಇರೋ ಮೀನು ಅದು. ನೀರಿಲ್ಲದೆ ಬದುಕೋ ಮೀನು ಅಂದರೆ ಅದರ ಹಟ ಎಂಥದ್ದಿರಬೇಕು ನೋಡಿ. ನಾನು ದೂರದಿಂದಲೇ ಮಗ್ಗಿನಲ್ಲಿ ನೀರು ಎರಚಿದೆ. ಚೀಲ ಕದಲಿತು. ನಾನು ಕುರ್ಚಿ ಮೇಲೆ ಕಾಲು ಎತ್ತಿಕೊಂಡೆ. ಚೀಲ ಹಂಗೇ ತೆವಳಿ ತೆವಳಿ ಬಾಗಿಲ ಹತ್ತಿರ ಹೋಯ್ತು. ಬಾಯಿಗೆ ಕಟ್ಟಿದ್ದ ದಾರ ಸಡಿಲಾಯ್ತು, ಮೀನು ಹೊರಗೆ ಬಂದು ಮೆಟ್ಟಿಲ ಮೇಲೆ ಬಿತ್ತು. ಇಬ್ಬರು ಗಿರಾಕಿಗಳು ಮೀನು ನೋಡಿದರು, ಆಮೇಲೆ ಕುರ್ಚಿ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ನನ್ನನ್ನ ನೋಡಿದರು.

ಪಕ್ಕದ ಟೀ ಅಂಗಡಿ ಅಕ್ಕ ಇನ್ನೂ ತೆಂಗಿನ ಚಿಪ್ಪು ಉರಿಸ್ತಾರೆ. ಒಲೆಯಿಂದ ಎರಡು ಹಿಡಿ ಬೂದಿ ತಂದು ಲೋಳೆ ಹೋಗೋ ಹಾಗೆ ಮೀನಿನ ಮೇಲೆ ಉದುರಿಸಿ, ತಲೆ ಹಿಂದೆ ಗಟ್ಟಿಯಾಗಿ ಹಿಡಿದು ಚೀಲಕ್ಕೆ ಹಾಕಿದರು. ಆಮೇಲೆ ಕೈ ಒರೆಸಿಕೊಳ್ತಾ, "ಏನಣ್ಣ, ಗಾಳ ಮಾರೋರಿಗೆ ಮೀನು ಹಿಡಿಯಕ್ಕೆ ಬರಲ್ವಾ?" ಅಂದರು.

ಗಿರಾಕಿಗಳು ನನ್ನ ಬಾಯನ್ನೇ ನೋಡ್ತಿದ್ದಾರೆ. ಹನ್ನೆರಡು ವರ್ಷದ ಅಂಗಡಿ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. "ಗಾಳ ಮಾರೋರು ಮೀನು ಮುಟ್ಟಬಾರದು ಅಕ್ಕ. ಮುಟ್ಟಿದ್ರೆ ಗಾಳದ ಕೈಗುಣ ಹೋಗುತ್ತೆ. ಹಿಂದಿನಿಂದ ಬಂದಿದ್ದು."

ಸಂಜೆ ಗೌಡ್ರು ಚೀಲ ಎತ್ತಿಕೊಳ್ಳುವಾಗ ಮೆಲ್ಲಗೆ ಕೇಳಿದರು. "ಮುಟ್ಟಲಿಲ್ಲ ತಾನೆ ಸಾಬ್ರೇ? ಅಜ್ಜಂಪುರದಿಂದ ಫೋನ್ ಬಂತು, ಅಲ್ಲಿ ಈಗಾಗ್ಲೇ ಎಲ್ರಿಗೂ ಗೊತ್ತು, ಮುಟ್ಟಬಾರದಂತೆ."

ಭಾನುವಾರದ ಪರೀಕ್ಷೆ

ಹೋದ ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಇನ್ನೊಂದು ಗಾಳದ ಅಂಗಡಿ ಬಂತು. ಗಾಜಿನ ಬಾಗಿಲು, ಬಣ್ಣಬಣ್ಣದ ರೀಲು. ಅದರ ಮಾಲೀಕ ಒಬ್ಬ ಯುವಕ, ದಿನಾ ಮೀನು ಎತ್ತಿ ಹಿಡಿದುಕೊಂಡು ಮೊಬೈಲಲ್ಲಿ ವಿಡಿಯೋ ಹಾಕ್ತಾನೆ. ನನ್ನ ಗಿರಾಕಿ ಅರ್ಧ ಆ ಕಡೆ ಹೋಯ್ತು. ಮೇಷ್ಟ್ರಿಗೆ ರೋಷ ಬಂದು, ನನ್ನನ್ನ ಒಂದು ಮಾತೂ ಕೇಳದೆ ಸವಾಲು ಹಾಕಿ ಬಂದರು. ಭಾನುವಾರ ಮದಗದ ಕೆರೆ ಏರಿ ಮೇಲೆ ಇಬ್ಬರೂ ಗಾಳ ಹಾಕೋದು, ಊರೋರು ನೋಡೋದು.

ನಾನು ಮೂರು ದಿನ ಊಟ ಬಿಟ್ಟೆ. ಹೆಂಡತಿ, "ಇದ್ದಿದ್ದು ಇದ್ದ ಹಾಗೆ ಹೇಳ್ಬಿಡಿ" ಅಂದಳು. ಹೇಳಿದರೆ ಅಂಗಡಿ ಮುಚ್ಚಬೇಕು, ಹೋದರೂ ಮುಚ್ಚಬೇಕು. ಉಳಿದಿದ್ದು ಒಂದೇ ದಾರಿ. ಯಾರಾದರೂ "ಎಲ್ಲಿಗೆ?" ಅಂತ ಕೇಳಿದರೆ ಸಾಕು, ಮನೆಗೆ ವಾಪಸ್ ಬಂದು ಮಲಗಬಹುದು.

ಭಾನುವಾರ ಕೋಲು ಎಲ್ಲರಿಗೂ ಕಾಣೋ ಹಾಗೆ ಹಿಡಿದು ನಿಧಾನಕ್ಕೆ ನಡೆದೆ. ಹಾಲಿನವರ ಮುಂದೆ ನಿಂತೆ, ಅವರು ಆಕಾಶ ನೋಡಿದರು. ಟೀ ಅಕ್ಕನ ಮುಂದೆ ಎರಡು ಸಲ ಕೆಮ್ಮಿದೆ, ಅವರು ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಇಡೀ ಕಡೂರಿಗೆ ಗೊತ್ತಿರೋ ಪದ್ಧತಿ. ಒಬ್ಬರೂ ಕೇಳಲಿಲ್ಲ. ಮೇಷ್ಟ್ರ ಸ್ಕೂಟರ್ ಹತ್ತಿದೆ.

ಏರಿ ಮೇಲೆ ಇಪ್ಪತ್ತು ಜನ. ಆ ಯುವಕ ಆಗಲೇ ಎಸೀತಿದ್ದ. ನಾನು ಎರೆ ಅಂತ ರಬ್ಬರ್ ಕಪ್ಪೆ ಕಟ್ಟಿದ ದಾರವನ್ನ ಕಣ್ಣು ಮುಚ್ಚಿ ಬೀಸಿದೆ. ಅದು ಸೀದಾ ಹೋಗಿ ತಾವರೆ ಬಳ್ಳಿಗೆ ಸಿಕ್ಕಿಹಾಕಿಕೊಂಡಿತು. ಬಿಡಿಸಬೇಕಲ್ಲ, ಎಳೆದೆ. ಬಿಟ್ಟೆ. ಮತ್ತೆ ಎಳೆದೆ. ಕಪ್ಪೆ ಎಲೆ ಮೇಲೆ ಎಗರಿ ಎಗರಿ ಬೀಳ್ತಿತ್ತು. ನನಗೆ ಅಳು ಬರೋದೊಂದು ಬಾಕಿ. ಹಿಂದಿನಿಂದ ಮೇಷ್ಟ್ರು ಜನಕ್ಕೆ ಪಾಠ ಮಾಡ್ತಿದ್ದರು. "ನೋಡ್ಕೊಳ್ರಪ್ಪಾ, ಕಪ್ಪೆ ಕುಣಿಸೋದು ಅಂದ್ರೆ ಹಿಂಗೆ."

ಆಗ ನೀರು ಧಡ್ ಅಂತು. ಕೋಲು ಬಿಲ್ಲಾಯಿತು. ನಾನು ಓಡಿಹೋಗೋಣ ಅಂತ ಕೆರೆಗೆ ಬೆನ್ನು ತಿರುಗಿಸಿದೆ, ಕೋಲು ಕೈಯಲ್ಲೇ ಇತ್ತು. ಓಡಿದ ರಭಸಕ್ಕೆ ತೋಳುದ್ದದ ಕೊರಮೀನು ದಡಕ್ಕೆ ಬಂದು ಬಿತ್ತು. ಅದರ ಬಾಯಿಂದ ಗಾಳ ಬಿಡಿಸಬೇಕಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಗೌಡ್ರು ಅಡ್ಡ ಬಂದರು. "ಬ್ಯಾಡಿ ಸಾಬ್ರೇ, ನೀವು ಮುಟ್ಟಬಾರದು" ಅಂದು ತಾವೇ ಬಿಡಿಸಿ ಗೋಣಿಗೆ ಹಾಕಿದರು.

ಆ ಯುವಕನಿಗೆ ಅವತ್ತು ಒಂದೂ ಕಚ್ಚಲಿಲ್ಲ. ನನ್ನನ್ನ ಪಕ್ಕಕ್ಕೆ ಕರೆದು, "ಭಾಯ್, ನಂಗೆ ಈ ಪದ್ಧತಿ ಯಾರೂ ಹೇಳಿರಲಿಲ್ಲ. ದಿನಾ ಮುಟ್ಟಿಬಿಟ್ಟಿದೀನಿ. ಪರಿಹಾರ ಏನಾದ್ರೂ ಇದೆಯಾ?" ಅಂತ ಕೇಳಿದ.

ಮನೆ ಬಾಗಿಲಲ್ಲಿ

ಮಧ್ಯಾಹ್ನ ಮೇಷ್ಟ್ರು, ಗೌಡ್ರ ಜೊತೆ ಗೋಣಿ ತಂದು ಬಾಗಿಲಲ್ಲಿ ಇಳಿಸಿದೆ. ಅಂಗಡಿ ಉಳಿದಿತ್ತು. ಆದರೆ ನಿಜ ಹೇಳ್ತೀನಿ, ಅವತ್ತು ನನಗೆ ಬೇಕಾಗಿದ್ದದ್ದು ನನ್ನ ಹೆಂಡತಿಯೊಬ್ಬಳು ನಂಬೋದು. "ನಾನೇ ಹಿಡಿದೆ" ಅಂದೆ.

ಹೆಂಡತಿ ಗೋಣಿ ನೋಡಿದಳು, ನನ್ನನ್ನ ನೋಡಿದಳು. ಮನೆಯಲ್ಲಿ ನಾವಾಡೋದು ದಖನಿ ಉರ್ದು, ನೆಂಟರ ಮುಂದೆ ಮಾತ್ರ ಕನ್ನಡ. ಕನ್ನಡದಲ್ಲೇ ಕೇಳಿದಳು. "ಎಷ್ಟು ಕೊಟ್ರಿ?"

"ಇಲ್ಲಮ್ಮ, ಅವರೇ ಹಿಡಿದಿದ್ದು. ನಾನು ಕಣ್ಣಾರೆ ನೋಡಿದೆ" ಅಂದರು ಮೇಷ್ಟ್ರು.

"ಹೌದಾ? ಕೆರೇಲಿ ಹಿಡಿದೋರಿಗೆ ಮನೇಲೇನು ಕಷ್ಟ? ಒಂದ್ಸಲ ಕೈಯಲ್ಲಿ ಎತ್ತಿ ಹಿಡೀರಿ, ನಂಬ್ತೀನಿ."

ಗೋಣಿ ಬಾಯಿ ಬಿಚ್ಚಿದಳು. ಮೀನು ನನ್ನನ್ನೇ ನೋಡ್ತಿತ್ತು. ಅಲ್ಲಾನ ನೆನೆದು ಬಗ್ಗಿದೆ. ಈ ಸಲ ಮುಟ್ಟೇಬಿಡ್ತೀನಿ ಅಂತ ನಿಜವಾಗ್ಲೂ ನಿರ್ಧಾರ ಮಾಡಿದ್ದೆ. ಬೆರಳು ಇನ್ನೇನು ತಾಗಬೇಕು, ಮೇಷ್ಟ್ರು ಒಂದು ಕೈ, ಗೌಡ್ರು ಒಂದು ಕೈ ಹಿಡಿದು ಹಿಂದಕ್ಕೆ ಎಳೆದುಬಿಟ್ಟರು. "ಮುಟ್ಟಬಾರದು ಸಾಬ್ರೇ, ನಮ್ಮ ಗಾಳದ ಗತಿ ಏನು?"

ಹೆಂಡತಿ ನಕ್ಕಳು. ಮುಟ್ಟಬಾರದು ಅನ್ನೋ ಪದ್ಧತಿ ಸುಳ್ಳು ಅಂತ ಈ ಇಬ್ಬರ ಮುಂದೆ ಹೇಳಂಗಿಲ್ಲ, ಮೀನು ನಿಜ ಅಂತ ಅವಳ ಮುಂದೆ ಹೇಳಿದರೆ ಕೇಳೋರಿಲ್ಲ. ನಾನು ಮಧ್ಯದಲ್ಲಿ ಎರಡೂ ಕೈ ಕೊಟ್ಟು ನಿಂತಿದ್ದೆ. ಅವಳು ಹಂಡೆ ಒಲೆಯಿಂದ ಬೂದಿ ತಂದು, ಮೀನು ಉಜ್ಜಿ, ಎತ್ತಿಕೊಂಡು ಒಳಗೆ ಹೋದಳು.

ಎಲ್ಲರೂ ಊಟಕ್ಕೆ ಕೂತೆವು. ಸಾರು ಅದ್ಭುತವಾಗಿತ್ತು. ನನ್ನ ತಟ್ಟೆಗೆ ದೊಡ್ಡ ತುಂಡು ಬಡಿಸಿ, ಕಿವಿ ಹತ್ತಿರ ಬಗ್ಗಿ ದಖನಿಯಲ್ಲಿ ಮೆಲ್ಲಗೆ ಹೇಳಿದಳು. "ಮೀನು ಬಹಳ ತಾಜಾ ಇದೆ. ಮುಂದಿನ ಸಲಾನೂ ಇದನ್ನ ಮಾರಿದೋರ ಹತ್ರಾನೇ ಕೊಂಡ್ಕೊಳ್ಳಿ."