ನಿಧಾನದ ಮೋಟಾರು

ಅಂತ್ಯಕ್ರಿಯೆಗೆ ಬಂದಿದ್ದವರು ತಮ್ಮ ತಮ್ಮ ಊರುಗಳಿಗೆ ಹೊರಟುಹೋದ ಮರುದಿನ ಬೆಳಿಗ್ಗೆ ಅವಳು ಕೆಳಗಿಳಿದು, ಗಂಡನ ಕೆಲಸದ ಕೋಣೆಯ ಬೀಗ ತೆಗೆದು, ಚರ್ಮ ಹೊಲಿಯುವ ಮಷೀನಿನ ಸ್ವಿಚ್ಚು ಹಾಕಿದಳು. ಮಾಡಿದ ತಪ್ಪು ಇಷ್ಟೇ.

ಆ ಮಷೀನಿನ ಮೇಜಿನ ಕೆಳಗೆ ತೂಗುತ್ತಿದ್ದ ಹಳೆಯ ಮೋಟಾರಿಗೆ ಒಂದು ಗುಣವಿತ್ತು. ಹೊಲಿಯಲಿ ಬಿಡಲಿ, ಸ್ವಿಚ್ಚು ಹಾಕಿದ ಗಳಿಗೆಯಿಂದ ಅದು ಗುಂಯ್ ಎನ್ನುತ್ತಲೇ ಇರುತ್ತಿತ್ತು. ಆರು ವರ್ಷಗಳಿಂದ ಬೀದಿಯವರಿಗೆ ಆ ಸದ್ದೆಂದರೆ ಅವನು ಕೆಲಸಕ್ಕೆ ಕೂತ ಎಂದೇ ಲೆಕ್ಕ. ಎದುರಿನ ಸಲೂನಿನವನು ರೂಢಿಯಂತೆ, "ಏನಪ್ಪಾ, ಬೆಳಬೆಳಿಗ್ಗೆನೇ ಶುರು ಹಚ್ಕೊಂಡ್ಯಾ" ಎಂದು ಕೂಗಿದ. ಕೂಗಿದ ಮೇಲೆ ನೆನಪಾಯಿತು. ಕೈಯಲ್ಲಿದ್ದ ಕತ್ತಿ ಗಿರಾಕಿಯ ಗಲ್ಲದ ಮೇಲೆ ಇದ್ದಲ್ಲೇ ನಿಂತಿತು. ಮಹಡಿಯಲ್ಲಿ ಅತ್ತೆಯವರು ಮಗನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಮೆಟ್ಟಿಲಿಳಿದರು. ಐದನೆಯ ಮೆಟ್ಟಿಲಿಗೆ ಬಂದಾಗ ಅವರಿಗೂ ನೆನಪಾಗಿ, ಲೋಟ ಹಿಡಿದು ಅಲ್ಲೇ ಕೂತರು.

ಅವಳಿಗೆ ಇದ್ಯಾವುದೂ ತಿಳಿಯಲಿಲ್ಲ. ಶಾಲೆಯೊಂದರ ಬ್ಯಾಂಡಿಗೆಂದು ಹನ್ನೆರಡು ಡೋಲಿನ ಪಟ್ಟಿಗಳನ್ನು ಹೊಲಿಯಲು ಗಂಡ ಒಪ್ಪಿಕೊಂಡಿದ್ದ. ಹನ್ನೊಂದು ಮುಗಿದಿದ್ದವು. ಹನ್ನೆರಡನೆಯದನ್ನು ಕತ್ತರಿಸಿ, ಅಂಟು ಹಾಕಿ, ಹೊಲಿಗೆ ಎಲ್ಲಿ ಬರಬೇಕೆಂದು ಗೆರೆಯನ್ನೂ ಎಳೆದಿಟ್ಟು, ಜ್ವರ ಬಂದು ಆಸ್ಪತ್ರೆ ಸೇರಿದವನು ಮತ್ತೆ ಈ ಕೋಣೆಗೆ ಬರಲಿಲ್ಲ. ಆ ಒಂದು ಪಟ್ಟಿ ಹೊಲಿದುಬಿಟ್ಟರೆ ಅವನ ಕೆಲಸ ಮುಗಿದಂತಾಗುತ್ತದೆ ಎಂದು ಅವಳ ಎಣಿಕೆ. ವಿಶ್ವವಿದ್ಯಾಲಯದಲ್ಲಿ ಎರಡು ಪದವಿ ಪಡೆದು, ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಚೀಟಿ ಬರೆಯುವವಳಿಗೆ, ಎಳೆದಿಟ್ಟ ಗೆರೆಯ ಮೇಲೆ ಹೊಲಿಯುವುದು ಎಷ್ಟರ ಕೆಲಸ?

ಪೆಡಲಿನ ಮೇಲೆ ಹೆಬ್ಬೆರಳು ಇಟ್ಟಳು. ಮಷೀನು ಹಗ್ಗ ಕಿತ್ತ ಹೋರಿಯಂತೆ ಓಡಿತು. ಗಾಬರಿಯಿಂದ ಕಾಲು ತೆಗೆಯುವಷ್ಟರಲ್ಲಿ ಪಟ್ಟಿಗೂ ಅವಳ ಎಡ ತೋಳಿನ ಅಂಗಿಗೂ ಸೇರಿ ಒಂಬತ್ತು ಹೊಲಿಗೆ ಬಿದ್ದಿದ್ದವು. ಅವು ಮಾತ್ರ ಬಹಳ ನೇರವಾಗಿದ್ದವು. ಕತ್ತರಿ ಕಿಟಕಿಯ ಮೇಲಿತ್ತು, ಸ್ವಿಚ್ಚು ಗೋಡೆಯಲ್ಲಿತ್ತು, ಅವಳು ಸೂಜಿಯಲ್ಲಿದ್ದಳು.

ಸಲೂನಿನವನು ಸೋಪಿನ ಕೈಯಲ್ಲೇ ಓಡಿಬಂದು ಕ್ಷೌರದ ಕತ್ತಿಯಿಂದ ಅವಳನ್ನು ಬಿಡಿಸಿದ. ಹಿಂದೆಯೇ, ಎರಡು ಮನೆ ಆಚೆ ಸ್ಕೂಟರಿಗೂ ಕಾರಿಗೂ ಸೀಟು ಹೊಲಿಯುವವನು ಬಂದ. ಬೀದಿಯಲ್ಲಿ ಎಲ್ಲರೂ ಅವನನ್ನು ಸೀಟಿನವನು ಎನ್ನುತ್ತಿದ್ದರು. ಸಲೂನಿನವನು ಫೋನು ಮಾಡಿದ್ದರಿಂದ, ಪಕ್ಕದ ಬೀದಿಯಲ್ಲಿದ್ದ ಭಾವನೂ ಬಂದರು.

ಗಂಡನ ಅಣ್ಣ ಕೆಟ್ಟವರಲ್ಲ. ಮಷೀನು ಕಂಡರೆ ಅವರಿಗೆ ಕತ್ತರಿಸಿದ ಬೆರಳುಗಳೇ ಕಾಣುತ್ತವೆ, ಅಷ್ಟೆ. ಸೂಟ್‌ಕೇಸ್ ರಿಪೇರಿಯವನೊಬ್ಬನಿಗೆ ಈಗಾಗಲೇ ಹೇಳಿದ್ದೇನೆ, ನಾಲ್ಕು ಗಂಟೆಗೆ ಗಾಡಿ ತಂದು ಮಷೀನು ಒಯ್ಯುತ್ತಾನೆ, ಕೋಣೆಯನ್ನೂ ಬಿಟ್ಟುಕೊಡೋಣ ಎಂದರು.

"ಬೇಡ" ಎಂದಳು.

ಅವಳಿಗೇ ಆಶ್ಚರ್ಯವಾಯಿತು. ಆಸ್ಪತ್ರೆಯಿಂದ ಈಚೆಗೆ ಅವಳು ಯಾವುದಕ್ಕೂ ಬೇಡವೆಂದಿರಲಿಲ್ಲ. ಯಾರು ಕೂರು ಎಂದರೂ ಕೂತಿದ್ದಳು, ಯಾವ ಕಾಗದ ಕೊಟ್ಟರೂ ಸಹಿ ಹಾಕಿದ್ದಳು. ಆದರೆ ಅವನು ಹಗಲೆಲ್ಲ ಕೂತಿದ್ದ ಜಾಗ ಇದೊಂದೇ. ಮಷೀನು ಹೋದರೆ ಕೋಣೆ ಹೋಗುತ್ತದೆ. ಆಮೇಲೆ ಬೆಳಿಗ್ಗೆ ಮೆಟ್ಟಿಲಿಳಿಯಲು ಅವಳಿಗೆ ಕಾರಣವೇ ಇರುವುದಿಲ್ಲ.

ಭಾವ ಅವಳ ಅಂಗಿಯ ಹರಿದ ತೋಳನ್ನು ನೋಡಿದರು. "ನೋಡಮ್ಮ, ನಾಲ್ಕು ಗಂಟೆಯೊಳಗೆ ಆ ಪಟ್ಟಿ ನನ್ನ ಕಣ್ಮುಂದೆ ನೆಟ್ಟಗೆ ಹೊಲಿದು ತೋರಿಸು. ಮಷೀನಿನ ಮಾತೇ ಎತ್ತಲ್ಲ. ಇಲ್ಲಾಂದ್ರೆ ನನ್ನ ಮಾತು ಕೇಳು."

ಅವರು ಹೋದ ಮೇಲೆ ಸಲೂನಿನವನು ತೀರ್ಪು ಕೊಟ್ಟ. ತಪ್ಪು ಅವಳದಲ್ಲ, ಮೋಟಾರಿನದು. ಹಳೇ ಮೋಟಾರಿಗೆ ನಿಲ್ಲುವುದು ಗೊತ್ತು, ಓಡುವುದು ಗೊತ್ತು, ನಡೆಯುವುದು ಗೊತ್ತಿಲ್ಲ. ಸರ್ವೋ ಮೋಟಾರು ಹಾಗಲ್ಲ. ಪೆಡಲು ಎಷ್ಟು ಒತ್ತಿದರೆ ಅಷ್ಟು. ಒಂದು ಹೊಲಿಗೆ ಎಂದರೆ ಒಂದೇ ಹೊಲಿಗೆ. ಅದಕ್ಕಾಗಿ ಎಲ್ಲಿಗೂ ಹೋಗಬೇಕಿಲ್ಲ, ಅಗೋ, ಮೇಲಿನ ಹಲಗೆಯ ಮೇಲೇ ಇದೆಯಲ್ಲ, ಅವಳ ಗಂಡ ಅದನ್ನು ಹಸುಗೂಸಿನಂತೆ ಎತ್ತಿಕೊಂಡು ಬಂದದ್ದನ್ನು ಬೀದಿಗೆ ಬೀದಿಯೇ ನೋಡಿದೆ ಎಂದ.

ಇತ್ತು. ರಟ್ಟಿನ ಪೆಟ್ಟಿಗೆ, ಬಿಚ್ಚದೆ. ಅದರ ಧೂಳನ್ನು ಎಷ್ಟೋ ಸಲ ಅವಳೇ ಒರೆಸಿದ್ದಳು. ಮೇಲಿನ ಚೀಟಿಯನ್ನು ಒಮ್ಮೆಯೂ ಓದಿರಲಿಲ್ಲ. ಚೀಟಿ ಓದುವುದೇ ಅವಳ ಉದ್ಯೋಗ.

ಪೆಟ್ಟಿಗೆ ಕೆಳಗಿಳಿದಾಗ ಸೀಟಿನವನು, ಬೇರೆ ಊರಿನ ನಿಲ್ದಾಣದಲ್ಲಿ ಸ್ವಂತ ಮಾವನನ್ನು ಕಂಡವನಂತೆ ಅದನ್ನು ನೋಡಿದ. "ಅತ್ತಿಗೆ, ಅದು..." ಎಂದು ಬಾಯಿ ತೆರೆದ. ಸಲೂನಿನವನು ಅವನ ಕೈಗೆ ಸ್ಪ್ಯಾನರು ಕೊಟ್ಟ.

ಮೊದಲು ಹಳೆಯದನ್ನು ಇಳಿಸಬೇಕು. ಸಲೂನಿನವನು ತಾನೇ ಮುಖ್ಯ ಇಂಜಿನಿಯರನಾಗಿ ಮೇಜಿನ ಕೆಳಗೆ ಅಂಗಾತ ಮಲಗಿದ. ಮೂರು ಬೋಲ್ಟು. ಮೂರನೆಯದನ್ನು ಬಿಚ್ಚುವ ಮುಂಚೆ ಕೆಳಗೆ ಒಂದು ಹಲಗೆ ಕೊಡಬೇಕು, ಭಾರವಿದೆ ಎಂದು ಸೀಟಿನವನು ಮೆಲ್ಲಗೆ ಹೇಳಿದ. ತನ್ನ ಎದೆ ಹಲಗೆಗಿಂತ ಏನು ಕಡಿಮೆ ಎಂದು ಸಲೂನಿನವನು ಕೇಳಿ, ಮೂರನೆಯದನ್ನೂ ಬಿಚ್ಚಿದ. ಮೋಟಾರು ಅವನ ಮೇಲೆ ಬಂದು ಕೂತಿತು. ಮೂಳೆಯೇನೂ ಮುರಿಯಲಿಲ್ಲ. ಆದರೆ ಆಮೇಲಿನ ಒಂದು ಗಂಟೆ ಹೊತ್ತು ಅವನು ಯಾರಿಗೂ ಸಲಹೆ ಕೊಡಲಿಲ್ಲ.

ಅಷ್ಟರಲ್ಲಿ, ಬೆಳಿಗ್ಗೆ ಅರ್ಧ ಮುಖ ಕೆರೆಸಿಕೊಂಡು ಕೂತಿದ್ದ ಗಿರಾಕಿ ಉಳಿದರ್ಧವನ್ನು ಹುಡುಕಿಕೊಂಡು ಬಂದ. ಸಲೂನಿನವನ ಸ್ಥಿತಿ ನೋಡಿ, ಈ ಕೈಗೆ ಈಗ ಮುಖ ಕೊಡುವುದು ಕ್ಷೇಮವಲ್ಲವೆಂದು ಮೂಲೆಯ ಸ್ಟೂಲಿನ ಮೇಲೆ ಕೂತ. ಮೆಟ್ಟಿಲ ಮೇಲಿನಿಂದ ಅತ್ತೆ ಕೇಳಿದರು, "ಅದನ್ನ ತೆಗೆದೇಬಿಟ್ರಾ? ಅದು ಕೂಗ್ತಿದ್ರೆ ಮನೇಲಿ ಯಾರೋ ಇದ್ದ ಹಾಗಿತ್ತು."

ಹೊಸ ಮೋಟಾರು ಹಗುರ. ಅವಳೂ ಸೀಟಿನವನೂ ಸೇರಿ ಅದನ್ನು ಅದೇ ಮೂರು ತೂತುಗಳಿಗೆ ಬಿಗಿದರು. ಹಳೆಯ ಬೆಲ್ಟು ಹಾಕಿದರೆ ಅದು ತೆಳ್ಳಗಾದವನ ಪ್ಯಾಂಟಿನಂತೆ ಜೋತುಬಿತ್ತು, ಹೊಸದರ ಗಾಲಿ ಚಿಕ್ಕದು. ಸರಿಯಾದ ಬೆಲ್ಟು ಪೆಟ್ಟಿಗೆಯಲ್ಲಿ ಇರಲಿಲ್ಲ. ಸೀಟಿನವನು ಮನೆಗೆ ಹೋಗಿ ಒಂದು ಬೆಲ್ಟು ತಂದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಪೆಡಲಿನಿಂದ ಮೋಟಾರಿಗೆ ಕೊಡುವ ಸಲಾಕೆಯೂ ಇರಲಿಲ್ಲ. ಮತ್ತೆ ಹೋಗಿ ಸಲಾಕೆ ತಂದ. ಅದೂ ಕೂತಿತು. ಸಲೂನಿನವನಿಗೆ ದನಿ ಮರಳಿತ್ತು. ನಿನ್ನದು ಅಂಗಡಿಯೋ ಜಾದೂಗಾರನ ಟೋಪಿಯೋ ಎಂದು ಹೊಗಳಿದ. ಸೀಟಿನವನು ಬೆವರು ಒರೆಸಿಕೊಂಡ.

ಮೂರು ಗಂಟೆಗೆ ಸ್ವಿಚ್ಚು ಹಾಕಿದರು. ಸದ್ದೇ ಇಲ್ಲ. ಪೆಟ್ಟಿಗೆಯಲ್ಲಿ ಕೂತು ಕೂತು ಸತ್ತಿದೆ ಎಂದ ಸಲೂನಿನವನು, ಎಂದ ಮೇಲೆ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡು, ಬಗ್ಗಿ ಪರೀಕ್ಷಿಸಲು ಹೋಗಿ ಪೆಡಲಿನ ಮೇಲೆ ಮೊಣಕೈ ಊರಿದ. ಮಷೀನು ತಿರುಗಿತು. ಹಿಂದಕ್ಕೆ. ದಾರವೆಲ್ಲ ಸೂಜಿಯ ಕೆಳಗೆ ಹಕ್ಕಿಗೂಡಾಯಿತು. ಇದು ಎಡಗೈಯವರ ಮೋಟಾರು ಎಂದ ಅರ್ಧಮುಖದವನು. ಹಾಗಾದರೆ ಮೇಜನ್ನೇ ಗೋಡೆಯ ಕಡೆ ತಿರುಗಿಸೋಣ ಎಂದು ಸಲೂನಿನವನು ಒಂದು ಕಾಲು ಹಿಡಿದು ಎತ್ತಿಯೂ ಬಿಟ್ಟ.

"ಮೋಟಾರಿನ ಡಬ್ಬೀಲಿರೋ ಕೊನೇ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡೀರಿ ಅತ್ತಿಗೆ, ಐದು ಸೆಕೆಂಡು" ಎಂದ ಸೀಟಿನವನು.

"ನಿಂಗ್ ಹೇಗೆ ಗೊತ್ತು?" ಎಂದ ಸಲೂನಿನವನು.

"ಅಂದಾಜು."

ಅವಳು ಒತ್ತಿ ಹಿಡಿದಳು. ಪೆಡಲು ಮುಟ್ಟಿದರೆ ಚಕ್ರ ಈಗ ಸರಿಯಾಗಿ ಅವಳ ಕಡೆಗೆ ತಿರುಗಿತು.

ನಾಲ್ಕಕ್ಕೆ ಸರಿಯಾಗಿ ಭಾವ ಬಂದರು, ಹಿಂದೆ ಸೂಟ್‌ಕೇಸಿನವನು. ಅವಳು ಹನ್ನೆರಡನೆಯ ಪಟ್ಟಿಯ ಬೆಳಗಿನ ಹೊಲಿಗೆ ಕಿತ್ತು ಗೆರೆಗೆ ಸರಿಯಾಗಿ ಇಟ್ಟು ಪೆಡಲು ಮುಟ್ಟಿದಳು. ಒಂದು ಹೊಲಿಗೆ. ನಿಂತಿತು. ಇನ್ನೊಂದು. ಸೂಜಿ ಚರ್ಮಕ್ಕೆ ಇಳಿಯುವ ಟಪ್ ಎಂಬ ಸಣ್ಣ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಗಂಡ ಒಂದು ನಿಮಿಷದಲ್ಲಿ ಮುಗಿಸುತ್ತಿದ್ದುದಕ್ಕೆ ಅವಳು ಅರ್ಧ ಗಂಟೆ ತೆಗೆದುಕೊಂಡಳು. ಅತ್ತೆ ಯಾವಾಗಲೋ ಮೆಟ್ಟಿಲಿಳಿದು ಬಂದು ಅವಳ ಬೆನ್ನ ಹಿಂದೆ ನಿಂತಿದ್ದರು. ಭಾವ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಉಳಿದ ಹನ್ನೊಂದರ ಪಕ್ಕ ಇಟ್ಟು ನೋಡಿದರು. ಕೊನೆಯಲ್ಲೊಂದು ಕಡೆ ಕೂದಲೆಳೆಯಷ್ಟು ವಾಲಿತ್ತು. ಅದನ್ನು ಅವರು ನೋಡಿದರು, ನೋಡಿದೆ ಎನ್ನಲಿಲ್ಲ.

"ಇರಲಿ ಬಿಡು, ಮಷೀನು ನಿನ್ನದೇ" ಎಂದರು.

ಸೂಟ್‌ಕೇಸಿನವನು, ಇನ್ನೊಂದು ಸಲ ಕರೆದರೆ ಬರುವುದಿಲ್ಲ, ಬೇರೆ ಕಡೆ ಒಂದು ನೋಡಿಟ್ಟಿದ್ದೇನೆ ಎಂದು ಗಾಡಿ ತಳ್ಳಿಕೊಂಡು ಹೋದ. ಹತ್ತು ದಿನಗಳಲ್ಲಿ ಮೊದಲ ಸಲ ಅವಳಿಗೆ ಹಸಿವಾಯಿತು.

ಆಗ ಬಾಗಿಲಲ್ಲಿ ಸೀಟಿನವನ ಹೆಂಡತಿ ಕಾಣಿಸಿದಳು. ಬೆಳಿಗ್ಗೆ ಹೋದ ಗಂಡ ಊಟಕ್ಕೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದಳು. ದಪ್ಪ ರೆಕ್ಸಿನ್ನಿಗೆ ಕೈಯಲ್ಲೇ ಸೂಜಿ ಹಾಕಿ ಹಾಕಿ ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅವಳ ಕಣ್ಣು ಗಂಡನ ಮೇಲಿಂದ ಮೇಜಿನ ಕೆಳಕ್ಕೆ ಹೋಗಿ ಅಲ್ಲೇ ನಿಂತಿತು.

"ಇದು ನಮ್ಮ ಮೋಟಾರಲ್ವಾ?"

ಸೀಟಿನವನು ನೆಲ ನೋಡಿದ.

"ರಿಪೇರಿಗೆ ಕೊಟ್ಟಿದೀನಿ ಅಂದಿದ್ರಿ. ಹದಿನಾಲ್ಕು ತಿಂಗಳಾಯ್ತು. ಎಂಥ ಕಾಯಿಲೆ ರೀ ಅದಕ್ಕೆ?"

ಸಲೂನಿನವನು ಬೆಲ್ಟನ್ನೊಮ್ಮೆ, ಸಲಾಕೆಯನ್ನೊಮ್ಮೆ ನೋಡಿ, ಇದ್ದಕ್ಕಿದ್ದಂತೆ ಗಿರಾಕಿಯ ಉಳಿದರ್ಧ ಮುಖ ನೆನಪಾಗಿ, ಅವನನ್ನು ಎಳೆದುಕೊಂಡು ಹೊರಟುಹೋದ.

"ಹೇಳು" ಎಂದಳು ಮಷೀನಿನ ಮುಂದೆ ಕೂತಿದ್ದ ಅವಳು.

"ಅಣ್ಣ ಒಂದು ವಾರಕ್ಕೆ ಅಂತ ಇಸ್ಕೊಂಡ್ರು ಅತ್ತಿಗೆ." ಸೀಟಿನವನು ನೆಲಕ್ಕೇ ಹೇಳಿದ. "'ನಿಮ್ಮತ್ತಿಗೆಗೆ ಈ ಮಷೀನಿನ ಓಟ ಕಂಡ್ರೆ ಭಯ ಕಣೋ, ನಿಧಾನದ್ದಿದ್ರೆ ಕಲೀತಾಳೆ, ಸೋಮವಾರದಿಂದ ಕೆಳಗೆ ಬರ್ತೀನಿ ಅಂದಿದಾಳೆ' ಅಂದ್ರು. ನೀವು ಬರೋ ದಿನ ನಾನೇ ಬಂದು ಜೋಡಿಸ್ಕೊಡ್ತೀನಿ ಅಂತ ಬೆಲ್ಟು ಸಲಾಕೆ ನನ್ನ ಹತ್ರ ಇಟ್ಕೊಂಡೆ. ಆಮೇಲೆ ವಾರವಾರ ಬಂದು, ಈ ಸೋಮವಾರ ಆಗ್ಲಿಲ್ಲ, ಮುಂದಿನ ಸೋಮವಾರ ಅನ್ನೋರು. ಬೇಜಾರು ಮಾಡ್ಕೊಂಡು ಅಲ್ಲ ಅತ್ತಿಗೆ. ನಗ್ತಾನೇ ಅನ್ನೋರು. ಇವತ್ತು ಬೆಳಿಗ್ಗೆ ನೀವು ಪೆಟ್ಟಿಗೆ ಇಳಿಸಿದಾಗ ಹೇಗೆ ಕೇಳಲಿ?"

ಗಂಡ ಕರೆದದ್ದು ಅವಳಿಗೆ ನೆನಪಿತ್ತು. ಸಂಜೆ ಜೊತೆಗೆ ಕೂತು ಹೊಲಿಯೋಣ ಎನ್ನುತ್ತಿದ್ದ. ಒಂದು ಸೋಮವಾರ ಗ್ರಂಥಾಲಯದ ತಪಾಸಣೆ ಇತ್ತು. ಒಂದು ಸೋಮವಾರ ನೆಗಡಿ. ಎಷ್ಟೋ ಸೋಮವಾರ ಏನೂ ಇರಲಿಲ್ಲ, ಮೇಲೆ ಕಿಟಕಿಯ ಪಕ್ಕ ಓದುತ್ತ ಕೂತಿದ್ದಳು, ಏಳಲು ಮನಸ್ಸಾಗಿರಲಿಲ್ಲ, ಅಷ್ಟೆ. ಸೋಮವಾರಗಳು ಖರ್ಚಾಗಿ ಮುಗಿಯುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಪೆಟ್ಟಿಗೆ ಅಲ್ಲೇ ಮೇಲೆ ಇದೆಯೆಂದು ಅವನೂ ಒಮ್ಮೆಯೂ ಹೇಳಿರಲಿಲ್ಲ.

ಭಾವ ಬೀದಿಗೆ ಇಳಿದು ಎಡಕ್ಕೂ ಬಲಕ್ಕೂ ನೋಡಿದರು. ಸೂಟ್‌ಕೇಸಿನವನ ಗಾಡಿ ತಿರುವು ದಾಟಿಯಾಗಿತ್ತು.

"ಇರಲಿ ಬಿಡಿ, ಇನ್ನೊಂದಷ್ಟು ದಿನ..." ಎಂದಳು ಸೀಟಿನವನ ಹೆಂಡತಿ, ಬಟ್ಟೆ ಸುತ್ತಿದ ಬೆರಳುಗಳನ್ನು ಇನ್ನೊಂದು ಅಂಗೈಯಲ್ಲಿ ಮುಚ್ಚಿಕೊಂಡು.

ಅವಳು ಆ ಕೈ ನೋಡಿದಳು. ಸ್ಪ್ಯಾನರು ತೆಗೆದುಕೊಂಡು ಮೇಜಿನ ಕೆಳಗೆ ತೂರಿದಳು. ಬಿಗಿಯಲು ಹಗಲೆಲ್ಲ ಹಿಡಿದಿತ್ತು, ಬಿಚ್ಚಲು ಕಾಲು ಗಂಟೆ ಸಾಕಾಯಿತು. ಮಷೀನು ಅವಳದಾಗಿ ಉಳಿದಿತ್ತು. ಅದನ್ನು ಓಡಿಸಲು ಉಳಿದದ್ದು ಮೂಲೆಯಲ್ಲಿ ಬಿದ್ದಿದ್ದ ಹಳೆಯದೊಂದೇ, ಅವಳ ಕಾಲಿಗೆ ಬಗ್ಗದ್ದು. ಮೋಟಾರನ್ನೂ ಗುಂಡಿಗಳ ಡಬ್ಬಿಯನ್ನೂ ಪೆಟ್ಟಿಗೆಯಲ್ಲಿಟ್ಟು, ಬೆಲ್ಟನ್ನು ಸುರುಳಿ ಸುತ್ತಿ ಮೇಲಿಟ್ಟು, ಸಲಾಕೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡು ಮನೆ ದೂರ ತಾನೇ ಹೊತ್ತು ನಡೆದಳು. ಎತ್ತಿಕೊಳ್ಳಲು ಬಂದ ಭಾವನಿಗೂ ಕೊಡಲಿಲ್ಲ.

ಮುಂದೆ ಹೋಗಿದ್ದ ಸೀಟಿನವನು ಬಾಗಿಲಲ್ಲಿ ನಿಂತಿದ್ದ. ಹದಿನಾಲ್ಕು ತಿಂಗಳ ಅಭ್ಯಾಸ, ಬಾಯಿಗೆ ಅದೇ ಬಂತು. "ಪರವಾಗಿಲ್ಲ, ಮುಂದಿನ ಸೋಮವಾರ ಕೊಟ್ಟಿದ್ರೂ ಆಗ್ತಿತ್ತು."

ಹೆಂಡತಿ ಅವನ ಕಡೆ ನೋಡಿದಳು. ಅವನು ಪಕ್ಕಕ್ಕೆ ಸರಿದ.

ಅವಳು ಪೆಟ್ಟಿಗೆಯನ್ನು ಅವನ ಹೆಂಡತಿಯ ಕೈಗೆ ಕೊಟ್ಟಳು.

"ತಡ ಆಯ್ತು" ಎಂದಳು.