ಶಾಂತಪ್ಪನ ಮೈಮೇಲೆ ನಡೆದ ನುಸಿಸಂಹಾರ

ಶಂಖಗಳು ಷೋಕೇಸು ಸೇರಿ, ಗದೆಗಳು ನಾಟಕದ ಪೆಟ್ಟಿಗೆ ಸೇರಿ, ವೀರರೆಲ್ಲ ಗುಮಾಸ್ತರಾಗಿ ಅವತರಿಸಿದ ಈ ಕಲಿಯುಗದಲ್ಲಿ, ಮೈಸೂರಿನ ಸರಸ್ವತೀಪುರದ ಮನೆಯೊಂದರ ಎರಡನೆಯ ಮಹಡಿಯಲ್ಲಿ, ಕಡತಕಾನನಕೇಸರಿಯೂ ಮೊಹರುಮುದ್ರಾಧುರಂಧರನೂ ಆದ ತ್ರಿಲೋಚನನೆಂಬ ಮಹಾನುಭಾವನಿದ್ದನು. ಆತನ ಪ್ರಾಣಸಖ ಶಾಂತಪ್ಪ. ಮೂರಡಿ ಉದ್ದದ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ, ಪರವಾನಗಿ ಪಡೆದು ಸಾಕಿದ ಪರದೇಶದ ಹೆಬ್ಬಾವು.

ಒಂದು ಭಾನುವಾರ ಬೆಳಿಗ್ಗೆ ನೀರಿನ ಬೋಗುಣಿಯಿಂದ ಮೇಲೇಳದೆ ಮಂಕಾಗಿದ್ದ ಸಖನನ್ನು ಎತ್ತಿಕೊಂಡ ತ್ರಿಲೋಚನನು, ಅವನ ಗದ್ದದಡಿಯ ಹುರುಪೆಗಳ ಸಂದಿನಲ್ಲಿ ಕರಿಚುಕ್ಕೆಗಳನ್ನು ಕಂಡನು. ಚುಕ್ಕೆಗಳು ನಡೆಯುತ್ತಿದ್ದವು. ರಕ್ತ ಹೀರುವ ನುಸಿಗಳವು.

“ಎಲೈ ರುಧಿರಪಾನೋನ್ಮತ್ತ ಕ್ಷುದ್ರಕೀಟಗಳಿರಾ, ನಿಮ್ಮ ಕುಲವನ್ನು ನಿರ್ಮೂಲಗೊಳಿಸದಿದ್ದರೆ ನಾನು ದಫೇದಾರ್ ಮರಿಯಪ್ಪನವರ ಮಗನೇ ಅಲ್ಲ” ಎಂದು ಆತನು ಗರ್ಜಿಸಲು, ಅಡುಗೆಮನೆಯಿಂದ ಧರ್ಮಪತ್ನಿ ಮಂದಾಕಿನಿಯು ಜಿರಲೆಗೆ ಹೊಡೆಯುವ ಸ್ಪ್ರೇ ಹಿಡಿದು ಬಂದಳು.

“ಯಾಕ್ರೀ ಕೂಗಾಡ್ತೀರಾ? ಇದನ್ನ ಒಂದ್ಸಲ ಹೊಡೀರಿ, ಮುಗೀತು.”

ರೋಷಾಂಧನಾದ ವೀರನು ಆ ವಿಷಾಸ್ತ್ರವನ್ನು ಕೈಗೆತ್ತಿಕೊಂಡು ಗುಂಡಿಯ ಮೇಲೆ ಬೆರಳಿಟ್ಟನು. ಶಾಂತಪ್ಪನು ನಾಲಗೆ ಚಾಚಿ ಆ ಬೆರಳನ್ನೇ ಮೂಸಿದನು. ತ್ರಿಲೋಚನನು ಗುಂಡಿಯಿಂದ ಬೆರಳು ತೆಗೆದನು. ಆತನು ಪಶುವೈದ್ಯೆ ನಫೀಸಾಳಿಗೆ ಫೋನು ಮಾಡಿ ಎಲ್ಲವನ್ನೂ ಅರುಹಿದನು.

“ಮೊದಲು ಆ ಸ್ಪ್ರೇ ಕೆಳಗಿಡಿ” ಎಂದಳಾಕೆ. “ನುಸಿ ಜೊತೆ ಹಾವೂ ಹೋಗುತ್ತೆ. ಉಗುರುಬೆಚ್ಚಗಿನ ನೀರು, ಅರ್ಧ ಮೈ ಮುಳುಗೋಷ್ಟು ಸಾಕು. ತಲೆ ಮೇಲಿರ್ಲಿ, ನೀವು ಪಕ್ಕದಿಂದ ಏಳ್ಬೇಡಿ. ಹಾವಿನ ಪೆಟ್ಟಿಗೆಲಿ ಹಾಸಿರೋ ತೊಗಟೆಯೆಲ್ಲ ಚೀಲದಲ್ಲಿ ಕಟ್ಟಿ ಎಸೀರಿ, ಪೆಟ್ಟಿಗೇನ ಬಿಸಿನೀರಲ್ಲಿ ತೊಳ್ದು ಒಣಗ್ಸಿ, ಬಿಳಿ ಟಿಶ್ಯೂ ಹಾಸಿ, ನುಸಿ ಬಿದ್ರೆ ಕಾಣುತ್ತೆ. ಸಂಜೆ ಕರ್ಕೊಂಡ್ಬನ್ನಿ, ತೂಕ ನೋಡಿ ಔಷಧಿ ಕೊಡ್ತೀನಿ.”

ಆಗ ಪ್ರಾರಂಭವಾಯಿತಯ್ಯಾ ಸ್ನಾನಗೃಹದ ಘೋರ ಸಮರ. ಮೊಣಕಾಲೂರಿ ಕುಳಿತ ವೀರನ ತೋಳನ್ನೇರಿ ಶಾಂತಪ್ಪನು ಮೂರು ಸಲ ಪಲಾಯನಗೈದನು. ಮೂರು ಸಲವೂ ವೀರನು ಅವನನ್ನು ಮೆಲ್ಲನೆ ನೀರಿಗಿಳಿಸಿದನು. ನೀರಿನಲ್ಲಿ ಶತ್ರುಶವಗಳು ತೇಲಿದವು. ಆದರೆ ಮೊಟ್ಟೆಗಳೊಡೆದು ಹೊಸ ಪಡೆಗಳೆದ್ದವು. ಸಮರವು ಮೂರು ವಾರ ಸಾಗಿತು. ಎರಡನೆಯ ವಾರ ಸಖನು ಇಲಿಯನ್ನು ಮುಟ್ಟದಿದ್ದಾಗ, ವೀರನೂ ಊಟ ಬಿಟ್ಟನು. ಮಂದಾಕಿನಿಯು ಬಿಸಿನೀರು ಕಾಯಿಸಿಟ್ಟಳು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಟಿಶ್ಯೂ ಅಚ್ಚಬಿಳಿಯಾಗಿತ್ತು. ಹಿಂದಿನ ದಿನವೇ ಶಾಂತಪ್ಪನು ಇಲಿಯನ್ನು ನುಂಗಿ ಮಲಗಿದ್ದನು. ತ್ರಿವಿಕ್ರಮನಂತೆ ಬೆಳೆದು ನಿಂತ ತ್ರಿಲೋಚನನು, ವೈದ್ಯೆಗೆ ತೋರಿಸಲೆಂದು ಟೇಪಿಗೆ ಅಂಟಿಸಿಟ್ಟಿದ್ದ ಶತ್ರುಸೇನಾನಾಯಕನ ಕಳೇಬರವನ್ನು ಪತ್ನಿಯ ಮುಂದೆ ಹಿಡಿದು, “ನೋಡು ದೇವಿ, ಈ ಭುಜಬಲಕ್ಕೆ ಉರುಳಿದ ಮಹಾದೈತ್ಯನನ್ನು” ಎಂದನು.

ಮಂದಾಕಿನಿ ಕನ್ನಡಕ ಹಾಕಿಕೊಂಡಳು. ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ನೋಡಿದಳು.

“ಎಲ್ಲಿ ರೀ?”

ವೀರನು ಬೆರಳಿಟ್ಟು ತೋರಿಸಲು ಹೋದನು. ಬೆರಳಿನಡಿ ದೈತ್ಯನು ಕಾಣದಾದನು.

“ಸರಿ, ಸೋಪಲ್ಲಿ ಕೈ ತೊಳ್ಕೊಂಡ್ಬನ್ನಿ. ದೋಸೆ ಆರ್ತಿದೆ.”

ವೀರನು ಕೈ ತೊಳೆದುಕೊಂಡು ಬಂದು ದೋಸೆ ತಿಂದನು.